ಸಕಲೇಶಪುರದ ತೋಟದಲ್ಲಿ ವಾಕಿಟಾಕಿ ಆಯ್ಕೆ ಮಾಡಿದ ದಿನ

ಘಟ್ಟದ ಕಚ್ಚಾ ದಾರಿಯಲ್ಲಿ ನಾಲ್ಕಾರು ಗಾಡಿ ಒಟ್ಟಿಗೆ ಹೋಗುವುದಾದರೆ ವಾಕಿಟಾಕಿ ಬೇಕೇ ಬೇಕು. ಫೋನ್ ಇದೆಯಲ್ಲ ಅನ್ನುವವರು ಸಕಲೇಶಪುರದಿಂದ ಬಿಸ್ಲೆ ಕಡೆಗೆ ಒಮ್ಮೆ ಹೋಗಿ ನೋಡಬೇಕು. ಕಾಡು ದಟ್ಟವಾಗುತ್ತಾ ಹೋದಂತೆ ನೆಟ್‌ವರ್ಕ್ ಕಡ್ಡಿಗಳು ಒಂದೊಂದಾಗಿ ಮಾಯ.

ನಮ್ಮ ಗುಂಪಿಗೆ ಸೆಟ್ ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ನೋಡಿದ್ದು ಕಾನೂನು. 5 ವಾಟ್‌ನ ಅಗ್ಗದ ಸೆಟ್‌ಗಳು ಆಸೆ ಹುಟ್ಟಿಸುತ್ತವೆ, ನಿಜ. ಆದರೆ ಅವುಗಳಲ್ಲಿ ಬಹುಪಾಲಿಗೆ ಲೈಸೆನ್ಸ್ ಬೇಕು. ನಮ್ಮ ದೇಶದಲ್ಲಿ 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್‌ಗೆ ಲೈಸೆನ್ಸ್ ಬೇಡ. ಅದಕ್ಕೂ ಇಟಿಎ ಅನ್ನುವ ಸರ್ಕಾರಿ ಒಪ್ಪಿಗೆ ಇರಬೇಕು. ಆನ್‌ಲೈನ್‌ನಲ್ಲಿ ಮಾರುವವರು ಇದನ್ನೆಲ್ಲ ಸ್ಪಷ್ಟವಾಗಿ ತಿಳಿಸಬೇಕು ಎಂದು 2025ರಲ್ಲಿ ಮಾರ್ಗಸೂಚಿಯೂ ಬಂದಿದೆ. ಗುಂಪಿನಲ್ಲಿ ಒಬ್ಬರಿಗೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಇದೆ. ಅವರು ಇನ್ನೊಬ್ಬ ಹ್ಯಾಮ್ ಜೊತೆ ಮಾತಾಡಬಹುದೇ ಹೊರತು ಅವರ ಲೈಸೆನ್ಸ್ ಉಳಿದವರಿಗೆ ಆಗಿಬರುವುದಿಲ್ಲ. ಸಾಮಾನ್ಯ ಜನರ ಬಳಕೆಗೆಂದೇ ಇರುವ 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್ ಬಗ್ಗೆಯೂ ಯೋಚಿಸಿದೆ. ಅದರ ತರಂಗವೇ 11 ಮೀಟರ್ ಉದ್ದ, ಗಿಡ್ಡ ಆ್ಯಂಟೆನಾದಲ್ಲಿ ಅದು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಕೈಬಿಟ್ಟೆ.

ಒಂದು ಭಾನುವಾರ ಗೆಳೆಯರಿಂದ ಬೇರೆ ಬೇರೆ ಸೆಟ್ ಕೇಳಿ ತಂದು, ಪರಿಚಯದವರೊಬ್ಬರ ಕಾಫಿ ತೋಟಕ್ಕೆ ಹೋದೆವು. ಹಿಂದಿನ ರಾತ್ರಿ ಮಳೆ ಬಿದ್ದು ಕೆಮ್ಮಣ್ಣು ಜಾರುತ್ತಿತ್ತು. ಡಬ್ಬಿಯ ಮೇಲೆ 5 ಕಿಲೋಮೀಟರ್ ಎಂದು ಬರೆದಿದ್ದ ಸೆಟ್, ಕಾಫಿ ಕಣದಿಂದ ಎದುರು ಗುಡ್ಡದ ನೆತ್ತಿಗೆ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಚೆನ್ನಾಗಿ ಕೇಳಿಸಿತು. ಅದೇ ಸೆಟ್, ಗಾಡಿ ಗುಡ್ಡದ ಆಚೆ ಬದಿಗೆ ತಿರುಗಿದ್ದೇ ತಡ, ಬರೀ ಗರಗರ. ಈ ತರಂಗ ನೇರಕ್ಕೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಸುತ್ತಿಕೊಂಡು ಬರುವುದು ಕಷ್ಟ. ಗಾಡಿಯ ತಗಡೂ ಸಾಕಷ್ಟು ನುಂಗುತ್ತದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ಸೆಟ್ ಎತ್ತಿ ಹಿಡಿದಾಗ ಮಾತು ಮತ್ತೆ ತಿಳಿಯಾಯಿತು. ಹಾಗಾಗಿ ದೂರದ ಲೆಕ್ಕಕ್ಕೆ ನಾನು ಆಮೇಲೆ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ಗಾಡಿಗೂ ಹಿಂದಿನ ಗಾಡಿಗೂ ಮಾತು ಸಿಕ್ಕರೆ ಸಾಕು, ಅಲ್ವಾ?

ನಿಜವಾದ ಪರೀಕ್ಷೆ ಆದದ್ದು ತೋಡಿನ ಪಕ್ಕದ ಇಳಿಜಾರಿನಲ್ಲಿ. ಜಿಮ್ನಿ ಗಾಡಿಯ ಎಡ ಚಕ್ರ ಅಂಚಿಗೆ ಬಂದಿತ್ತು. ಡ್ರೈವರ್‌ಗೆ ಬಾನೆಟ್ ಬಿಟ್ಟರೆ ಏನೂ ಕಾಣದು. ಕೆಳಗೆ ನಿಂತು ದಾರಿ ಹೇಳುತ್ತಿದ್ದವನು ಗುಂಡಿ ಒತ್ತಿದ ತಕ್ಷಣ "ನಿಲ್ಸು" ಅಂದ. ಒಳಗೆ ಕೇಳಿಸಿದ್ದು "ಲ್ಸು" ಮಾತ್ರ. ಪುಣ್ಯಕ್ಕೆ ಡ್ರೈವರ್ ಆಗಲೇ ಬ್ರೇಕ್ ಮೇಲೆ ಕಾಲಿಟ್ಟಿದ್ದ. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಆಮೇಲೆ ಮಾತಾಡಬೇಕು. ಮಾತು ಮುಗಿದ ಮೇಲೂ ಅಷ್ಟೇ. "ಎಡಕ್ಕೆ ಬೇಡ" ಅನ್ನುವಾಗ ಗುಂಡಿ ಬೇಗ ಬಿಟ್ಟರೆ ಆ ಕಡೆಯವರಿಗೆ ಕೇಳಿಸುವುದು "ಎಡಕ್ಕೆ" ಅಷ್ಟೇ. ಅಂಥ ಜಾಗದಲ್ಲಿ ಇದಕ್ಕಿಂತ ಅಪಾಯ ಇನ್ನೊಂದಿಲ್ಲ.

ಮಾತಾಡಿದಾಗ ತಾನಾಗಿಯೇ ಆನ್ ಆಗುವ ಸೌಲಭ್ಯವಿದ್ದ ಸೆಟ್ ಇನ್ನೂ ಕಷ್ಟ ಕೊಟ್ಟಿತು. ಇಂಜಿನ್ ಸದ್ದಿಗೇ ಎಚ್ಚರಗೊಂಡು ಚಾನೆಲ್ ಹಿಡಿದುಕೊಂಡು ಕೂರುತ್ತಿತ್ತು. ಅದು ಬಿಡುವ ತನಕ ಬೇರೆ ಯಾರೂ ಮಾತಾಡುವಂತಿಲ್ಲ.

ಕಣಕ್ಕೆ ವಾಪಸ್ ಬಂದು, ಕೆಸರು ಕೈಯಲ್ಲೇ ಎಲ್ಲ ಸೆಟ್ ಒತ್ತಿ ನೋಡಿದೆವು. ನುಣುಪಾದ ಸಣ್ಣ ಗುಂಡಿಯವು ಜಾರಿದವು. ಕೊನೆಗೆ ಒಪ್ಪಿಗೆಯಾದದ್ದು ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುವ ದೊಡ್ಡ ಗುಂಡಿಯ, ನೀರು ತಡೆಯುವ, ಟೈಪ್ ಸಿ ಚಾರ್ಜಿನ ಸೆಟ್. ಸೆಟ್‌ಗೆ ವೈರಿನಿಂದ ಜೋಡಿಸುವ ಸ್ಪೀಕರ್ ಮೈಕನ್ನು ಸೀಟ್ ಬೆಲ್ಟ್‌ಗೆ ಸಿಕ್ಕಿಸಿಕೊಳ್ಳಬಹುದು, ಹಾಗಾಗಿ ಸ್ಟೀರಿಂಗ್‌ನಿಂದ ಕೈ ದೂರ ಹೋಗುವುದಿಲ್ಲ. ಎಲ್ಲರೂ ಒಂದೇ ಮಾಡೆಲ್ ಕೊಳ್ಳೋಣ ಎಂದು ಹಠ ಹಿಡಿದೆ. ಚಾನೆಲ್, ಬೇರೆಯವರ ಮಾತು ಕೇಳಿಸದಂತೆ ತಡೆಯುವ ಟೋನ್, ಇವನ್ನೆಲ್ಲ ಹೊಂದಿಸುವ ಗೋಜು ಆಗ ಅರ್ಧಕ್ಕರ್ಧ ಕಡಿಮೆ.

ಹೊರಡುವಾಗ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಒಂದು ಸೆಟ್ ಹಿಡಿದು ತಿರುಗಿಸಿ ನೋಡಿದರು. "ಸಾರ್, ಗಾಡಿಗೊಂದು ಸರಿ. ಮುಂದೆ ನಡ್ಕೊಂಡು ದಾರಿ ನೋಡೋನಿಗೆ?" ಅಂದರು. ಆರ್ಡರ್‌ಗೆ ಇನ್ನೊಂದು ಸೆಟ್ ಸೇರಿಸಿದೆ.