ಎರಡನೆಯ ವಾರದ ಗಳಿಕೆ

15 ಏಪ್ರಿಲ್ 2024, ಸೋಮವಾರ

1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ್ದು ಇದೇ ದಿನ ನಸುಕಿನಲ್ಲಿ. ಆ ನೆಪದಿಂದ ನಿನ್ನೆ ರಾತ್ರಿ ಅಕ್ಕನ ಮಗಳೊಂದಿಗೆ ಕುಳಿತು ಜೇಮ್ಸ್ ಕ್ಯಾಮರೂನ್ ಅವರ 'ಟೈಟಾನಿಕ್' ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮೊದಲ ಒಂದು ಗಂಟೆ ಅವಳು ಮೊಬೈಲ್ ಕೆಳಗಿಡಲಿಲ್ಲ. ಚಿತ್ರದ ಪ್ರೇಮಿಗಳಾದ ಜಾಕ್ ಮತ್ತು ರೋಸ್ ಆಡುವ ಮಾತುಗಳಿಗೆ ಎರಡು ಮೂರು ಕಡೆ ನಕ್ಕಳು ಕೂಡ. ಹಡಗಿನ ಮುಂಭಾಗ ನೀರಿಗಿಳಿಯತೊಡಗಿದ ಮೇಲೆ ಅದೇ ಮೊಬೈಲ್ ಸೋಫಾದ ಸಂದಿಗೆ ಜಾರಿದ್ದರ ಪರಿವೆಯೇ ಅವಳಿಗಿರಲಿಲ್ಲ.

1997ರ ಡಿಸೆಂಬರಿನಲ್ಲಿ ಚಿತ್ರ ತೆರೆಗೆ ಬಂದಾಗ ವಿಮರ್ಶಕರ ನಡುವೆ ಎದ್ದ ಜಗಳವೂ ಹೆಚ್ಚುಕಡಿಮೆ ಇಷ್ಟೇ. ರೋಜರ್ ಈಬರ್ಟ್ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟರೆ, ಲಾಸ್ ಏಂಜಲೀಸ್ ಟೈಮ್ಸ್‌ನ ಕೆನೆತ್ ಟ್ಯುರಾನ್ ಚಿತ್ರಕಥೆಯನ್ನು ಹಳಸಲೆಂದು ಜರೆದರು. ಅದಕ್ಕೂ ಮೊದಲೇ, ಜುಲೈ ತಿಂಗಳ ಬಿಡುಗಡೆ ಮುಂದೆ ಹೋಗಿ ವೆಚ್ಚ 20 ಕೋಟಿ ಡಾಲರ್ ಮುಟ್ಟಿದ್ದರಿಂದ, ಈ ಚಿತ್ರವೂ ಹಡಗಿನ ಹಾದಿಯನ್ನೇ ಹಿಡಿಯುತ್ತದೆಂದು ಪತ್ರಿಕೆಗಳು ಭವಿಷ್ಯ ನುಡಿದಾಗಿತ್ತು.

ಒಟ್ಟು ಗಳಿಕೆಯ ಅಂಕಿಯನ್ನು ಎಲ್ಲರೂ ಹೇಳುತ್ತಾರೆ: ಮೊದಲ ಸುತ್ತಿನಲ್ಲೇ ಜಗತ್ತಿನಾದ್ಯಂತ ಸುಮಾರು 184 ಕೋಟಿ ಡಾಲರ್. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದೇ ಲೆಕ್ಕ. ದೊಡ್ಡ ಚಿತ್ರಗಳ ಗಳಿಕೆ ಸಾಮಾನ್ಯವಾಗಿ ಎರಡನೆಯ ವಾರಾಂತ್ಯಕ್ಕೆ ಕುಸಿಯುತ್ತದೆ. ಅಮೆರಿಕದಲ್ಲಿ ಮೊದಲ ವಾರಾಂತ್ಯ 2.86 ಕೋಟಿ ಡಾಲರ್ ತಂದ ಈ ಚಿತ್ರ ಎರಡನೆಯದರಲ್ಲಿ 3.5 ಕೋಟಿ ದಾಟಿತು. ಕ್ರಿಸ್‌ಮಸ್ ರಜೆಯ ಪಾಲು ಅದರಲ್ಲಿ ಇದ್ದೇ ಇದೆ, ಒಪ್ಪುತ್ತೇನೆ. ಆದರೆ ಅದರ ಅತಿ ದೊಡ್ಡ ಒಂದು ದಿನದ ಗಳಿಕೆ, ಸುಮಾರು 1.3 ಕೋಟಿ ಡಾಲರ್, ಬಂದದ್ದು ಫೆಬ್ರವರಿ 14ರಂದು, ಅಂದರೆ ಬಿಡುಗಡೆಯಾಗಿ ಎಂಟು ವಾರ ಕಳೆದ ಮೇಲೆ. ಮೂರೂಕಾಲು ಗಂಟೆಯ ಉದ್ದದಿಂದಾಗಿ ದಿನದ ಆಟಗಳೇ ಕಡಿಮೆಯಾಗಿದ್ದ ಚಿತ್ರವೊಂದು ಹದಿನೈದು ವಾರಾಂತ್ಯ ಸತತವಾಗಿ ಮೊದಲ ಸ್ಥಾನದಲ್ಲಿ ನಿಂತಿತೆಂದರೆ, ಒಮ್ಮೆ ನೋಡಿದವರೇ ಮತ್ತೆ ಟಿಕೆಟ್ ಕೊಂಡಿರಬೇಕು.

ಏಕೆ ಕೊಂಡರೆಂಬುದಕ್ಕೆ ಪ್ರೇಮಕಥೆಯೊಂದೇ ಉತ್ತರವೆಂದು ನನಗನ್ನಿಸುವುದಿಲ್ಲ. ಹಡಗು ಹೇಗೆ ಮುಳುಗಿತೆಂಬುದನ್ನು ಚಿತ್ರದ ಆರಂಭದಲ್ಲೇ ಕಂಪ್ಯೂಟರ್ ಪರದೆಯ ಮೇಲೆ, ದುರಂತದಲ್ಲಿ ಬದುಕುಳಿದು ಈಗ ವೃದ್ಧೆಯಾಗಿರುವ ರೋಸ್‌ಗೆ ತೋರಿಸಿಬಿಡುತ್ತಾರೆ: ನೀರು ತುಂಬಿ ಮುಂಭಾಗ ತಗ್ಗುವುದು, ಹಿಂಭಾಗ ಮೇಲೇಳುವುದು, ನಡುವೆ ಮುರಿಯುವುದು. ಎರಡು ಗಂಟೆಯ ನಂತರ ಅದೇ ಸಂಗತಿ ಮನುಷ್ಯರ ಸಮೇತ ನಡೆಯುವಾಗ ಯಾವ ವಿವರಣೆಯೂ ಬೇಕಾಗದೆ, ಮುಂದೇನೆಂಬುದು ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ಟ್ಯುರಾನ್ ಮಾತಿನ ದೋಷವನ್ನು ಸರಿಯಾಗಿಯೇ ಹಿಡಿದರು, ಈ ಕಟ್ಟುವಿಕೆಗೆ ಮಾತ್ರ ತಕ್ಕ ಬೆಲೆ ಕೊಡಲಿಲ್ಲ.

ಆಸ್ಕರ್ ಸಮಿತಿಯವರು ಹದಿನಾಲ್ಕು ವಿಭಾಗಗಳಲ್ಲಿ ಹೆಸರಿಸಿ ಹನ್ನೊಂದು ಪ್ರಶಸ್ತಿ ಕೊಟ್ಟರೂ ಚಿತ್ರಕಥೆಯನ್ನು ಪಟ್ಟಿಗೇ ಸೇರಿಸಲಿಲ್ಲ. ಅಷ್ಟು ಗೆದ್ದ ಕ್ಯಾಮರೂನ್, ಟ್ಯುರಾನ್ ಅವರನ್ನು ಪದಚ್ಯುತಗೊಳಿಸಬೇಕೆಂದು ಅದೇ ಪತ್ರಿಕೆಗೆ ಉದ್ದನೆಯ ಪತ್ರ ಬರೆದರು. ಮುಳ್ಳು ಸರಿಯಾದ ಜಾಗದಲ್ಲೇ ಚುಚ್ಚಿತ್ತೇನೋ.

ಇಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹುಡುಗಿ ಲಟ್ಟಣಿಗೆಯನ್ನು ಓರೆಯಾಗಿ ಎತ್ತಿ ಹಿಡಿದು, ಹಡಗು ಎಲ್ಲಿ ಮುರಿಯಿತು, ಯಾವ ತುಂಡು ಮೊದಲು ಇಳಿಯಿತು ಎಂದು ಅವಳ ತಾಯಿಗೆ ತೋರಿಸುತ್ತಿದ್ದಳು. ಜಾಕ್ ಆಡಿದ ಒಂದು ಮಾತೂ ಅವಳ ಬಾಯಲ್ಲಿ ಬರಲಿಲ್ಲ.