ಕಮಾಕುರಾದ ಉಮೆ, ಅಮ್ಮನ ಜೊತೆ

ಜಪಾನಿಗೆ ಹೋಗುವುದಾದರೆ ಸಕುರಾ ಅರಳುವ ಹೊತ್ತಿಗೇ ಹೋಗು ಅಂತ ಊರಲ್ಲಿ ಎಲ್ಲರೂ ಅಮ್ಮನಿಗೆ ಹೇಳಿದ್ದರು. ಟಿಕೆಟ್ ಸಿಕ್ಕಿದ್ದು ಫೆಬ್ರವರಿಗೆ. ಅಮ್ಮ ಪೇಚಾಡಿಕೊಂಡರೂ ನನಗೆ ಒಳಗೊಳಗೇ ಖುಷಿಯಾಯಿತು. ಯೊಕೊಹಾಮಾದಲ್ಲಿ ಸಂಸಾರ ಹೂಡಿದ ಮೇಲೆ ನಾನು ಮನಸ್ಸು ಕೊಟ್ಟಿದ್ದು ಸಕುರಾಕ್ಕಲ್ಲ. ಅದಕ್ಕಿಂತ ಒಂದು ತಿಂಗಳು ಮೊದಲೇ, ಚಳಿ ಇನ್ನೂ ಮೂಳೆ ಕೊರೆಯುತ್ತಿರುವಾಗಲೇ ಅರಳುವ ಉಮೆಗೆ.

ಉಮೆಯನ್ನು ಪ್ಲಮ್ ಅನ್ನುವುದು ರೂಢಿ. ಆದರೆ ನಮ್ಮ ಹಣ್ಣಿನಂಗಡಿಯ ಕೆಂಪು ಪ್ಲಮ್ಮಿಗಿಂತ ಏಪ್ರಿಕಾಟಿಗೇ ಇದು ಹತ್ತಿರದ ಮರ. ಚೀನಾದಿಂದ ಬಂದದ್ದು. ಸಾವಿರದ ಇನ್ನೂರು ವರ್ಷಗಳ ಹಿಂದೆ ಜಪಾನಿನ ಕವಿಗಳು ಹಾಡಿದ್ದು ಸಕುರಾಕ್ಕಿಂತ ಉಮೆಯನ್ನೇ ಹೆಚ್ಚು. 8ನೇ ಶತಮಾನದ ‘ಮನ್ಯೋಶೂ’ ಸಂಕಲನದಲ್ಲಿ ಉಮೆಯ ಮೇಲೆ ನೂರಕ್ಕೂ ಮಿಕ್ಕಿ ಪದ್ಯಗಳಿದ್ದರೆ ಸಕುರಾದ ಮೇಲಿರುವುದು ನಲವತ್ತರ ಆಸುಪಾಸು. 2019ರಲ್ಲಿ ಈಗಿನ ಚಕ್ರವರ್ತಿ ಪಟ್ಟಕ್ಕೆ ಬಂದಾಗ ಹೊಸ ಶಕೆಗೆ ಇಟ್ಟ ‘ರೇವಾ’ ಎಂಬ ಹೆಸರನ್ನು ಆರಿಸಿದ್ದೂ ಅದೇ ಸಂಕಲನದ ಉಮೆ ಪದ್ಯಗಳ ಪೀಠಿಕೆಯಿಂದ. ಇದನ್ನೆಲ್ಲ ರೈಲಿನಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮನ ಕಣ್ಣು ಮಾತ್ರ ಎದುರಿಗೆ ಕೂತವರ ಮೇಲಿತ್ತು.

“ಎಂತ ಕೂಸೇ, ಬೋಗಿಯವರಿಗೆಲ್ಲ ಜ್ವರವಾ? ಎಲ್ಲರೂ ಮುಖ ಮುಚ್ಚಿಕೊಂಡಿದ್ದಾರೆ.”

ಜ್ವರವಲ್ಲ, ಸುಗಿ ಮರದ ಪರಾಗ. ಎರಡನೇ ಮಹಾಯುದ್ಧದ ನಂತರ ಮನೆ ಕಟ್ಟುವುದಕ್ಕೆಂದು ಗುಡ್ಡಗುಡ್ಡಗಳಿಗೇ ಸುಗಿ ನೆಟ್ಟರು. ಆ ಮರಗಳೆಲ್ಲ ಬೆಳೆದು ಈಗ ಫೆಬ್ರವರಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ, ಕಣ್ಣು ಉಜ್ಜಿಕೊಳ್ಳುತ್ತದೆ. ಉಮೆಯ ಕಾಲವೂ ಅದೇ.

ನಾವು ಹೊರಟಿದ್ದು ಟೋಕಿಯೋದ ದಕ್ಷಿಣಕ್ಕಿರುವ ಹಳೇ ಊರು ಕಮಾಕುರಾಕ್ಕೆ. ಅಲ್ಲಿನ ಕಿತಾ-ಕಮಾಕುರಾ ಸಣ್ಣ ಸ್ಟೇಷನ್ನು. ಇಳಿದರೆ ಎಂಗಾಕುಜಿ ಮಠದ ಮಗ್ಗುಲಿಗೇ ಬರುತ್ತೇವೆ. 1889ರಲ್ಲಿ ಹಾಕಿದ ಈ ರೈಲುಹಳಿ ಮಠದ ಜಾಗವನ್ನೇ ಸೀಳಿಕೊಂಡು ಹೋಗಿದೆ. ಮಂಗೋಲರ ದಂಡಯಾತ್ರೆಯಲ್ಲಿ ಸತ್ತ ಎರಡೂ ಕಡೆಯವರ ಸದ್ಗತಿಗೆಂದು, ಆಗ ಆಡಳಿತ ನಡೆಸುತ್ತಿದ್ದ ಹೋಜೋ ತೋಕಿಮುನೆ 1282ರಲ್ಲಿ ಕಟ್ಟಿಸಿದ ಮಠ ಅದು. ಶತ್ರುಗಳ ಹೆಣಗಳಿಗೂ ಪ್ರಾರ್ಥನೆ ಸಲ್ಲಬೇಕು ಅಂದುಕೊಂಡವನ ಬಗ್ಗೆ ನನಗೆ ಗೌರವವಿದೆ. ಆದರೂ ಅವತ್ತು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನು ಅಮ್ಮನಿಗೆ ತೋರಿಸಬೇಕೆಂದಿದ್ದದ್ದು ಅವನ ಹೆಂಡತಿ ಕಟ್ಟಿಸಿದ್ದನ್ನು.

ರಸ್ತೆ ದಾಟಿ ನಾಲ್ಕು ಹೆಜ್ಜೆ ನಡೆದರೆ ತೋಕೇಜಿ. ಕಲ್ಲಿನ ಮೆಟ್ಟಿಲು, ಮೇಲೆ ಹುಲ್ಲು ಹೊದಿಸಿದ ಪುಟ್ಟ ಬಾಗಿಲು. ಒಳಗೆ ಕಾಲಿಟ್ಟರೆ ದಾರಿಯುದ್ದಕ್ಕೂ ಉಮೆ ಮರಗಳು. ಆಳೆತ್ತರಕ್ಕಿಂತ ತುಸು ಮೇಲೆ, ಗಂಟುಗಂಟಾದ ಕಾಂಡ, ತೊಗಟೆಯ ತುಂಬ ಹಾವಸೆ. ಕೆಲವು ಮರಗಳ ಒಳಗು ಪೂರ್ತಿ ಟೊಳ್ಳು. ಸತ್ತೇ ಹೋಗಿದೆ ಅಂದುಕೊಳ್ಳುವಷ್ಟರಲ್ಲಿ ಪಕ್ಕದಿಂದ ನೇರಾನೇರ ಹೊರಟ ಹಸಿರು ಟಿಸಿಲಿನ ಮೇಲೆ ಹೂವು. ಸಕುರಾಕ್ಕಿರುವಂಥ ಉದ್ದ ತೊಟ್ಟು ಇದಕ್ಕಿಲ್ಲ. ಕೊಂಬೆಗೇ ಅಂಟಿಕೊಂಡು, ದುಂಡನೆಯ ಐದು ಎಸಳು ಬಿಚ್ಚಿ ಕೂರುತ್ತದೆ. ಒಟ್ಟಿಗೇ ಅರಳುವುದೂ ಇಲ್ಲ. ಇವತ್ತೊಂದು, ನಾಳೆ ನಾಲ್ಕು. ಹೀಗೆ ವಾರಗಟ್ಟಲೆ. ಸಕುರಾವನ್ನು ದೂರದಿಂದ ಮೋಡ ನೋಡಿದ ಹಾಗೆ ನೋಡಬಹುದು. ಉಮೆಗೆ ಹತ್ತಿರ ಹೋಗಿ ಮುಖ ಒಡ್ಡಬೇಕು, ಏಕೆಂದರೆ ಅದರ ಅರ್ಧ ಚೆಲುವು ಪರಿಮಳದಲ್ಲಿದೆ.

ಅಲ್ಲಿದ್ದವರು ಹಾಗೇ ಮಾಡುತ್ತಿದ್ದರು. ವಯಸ್ಸಾದ ದಂಪತಿ, ಒಂಟಿಯಾಗಿ ಬಂದ ಹೆಂಗಸರು. ಮರದ ಕೆಳಗೆ ನಿಂತು, ಪರಾಗದ ಹೆದರಿಕೆ ಬದಿಗಿಟ್ಟು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಒಂದೇ ಒಂದು ಉಸಿರು ಎಳೆದುಕೊಳ್ಳುವುದು, ಮತ್ತೆ ಮಾಸ್ಕ್ ಏರಿಸಿ ಮುಂದಿನ ಮರಕ್ಕೆ ಹೋಗುವುದು. ಇಲ್ಲಿ ಫೋಟೋ ತೆಗೆಯುವಂತಿಲ್ಲ. ಆದ್ದರಿಂದ ಯಾರ ಕೈಯಲ್ಲೂ ಫೋನಿರಲಿಲ್ಲ. ಮಠದವರ ಈ ನಿಯಮಕ್ಕೆ ನಾನು ಮನಸಾರೆ ಕೃತಜ್ಞೆ. ಅಮ್ಮ ಉಣ್ಣೆ ಟೋಪಿ ಹಿಂದೆ ಸರಿಸಿ, ಒಂದು ಬಿಳಿ ಹೂವಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋದರು.

“ಜಾಜಿಯಷ್ಟು ಜೋರಿಲ್ಲ. ಹಾಂ, ಈಗ ಬಂತು ನೋಡು,” ಅಂದರು. ಆಮೇಲೆ, “ಇಷ್ಟೆಲ್ಲ ಬಿಟ್ಟಿದೆ, ದೇವರಿಗೆ ಏರಿಸುವುದಿಲ್ಲವಾ ಇವರು?”

“ಕೊಯ್ಯುವುದಿಲ್ಲ ಅಮ್ಮ. ಮರದಲ್ಲಿದ್ದದ್ದೇ ಏರಿಸಿದ ಹಾಗೆ.” ಅಮ್ಮನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬೆಳಗಾದರೆ ಬುಟ್ಟಿ ಹಿಡಿದು ಹೂ ಕೊಯ್ಯುವ ಕೈ ಅದು.

ಬೆಂಚಿನ ಮೇಲೆ ಕೂತು ಆ ಜಾಗದ ಕತೆ ಹೇಳಿದೆ. ತೋಕಿಮುನೆ ಸತ್ತ ಮರುವರ್ಷ, 1285ರಲ್ಲಿ, ಸನ್ಯಾಸಿನಿಯಾಗಿ ಕಾಕುಸಾನ್ ಎಂಬ ಹೆಸರು ಪಡೆದಿದ್ದ ಅವನ ವಿಧವೆ ಈ ಮಠ ಕಟ್ಟಿಸಿದಳು. ಎದೋ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ಗಂಡನಾದವನು ಮೂರೂವರೆ ಸಾಲಿನ ಚೀಟಿ ಬರೆದು ಕೊಟ್ಟರೆ ಮಾತ್ರ ಮದುವೆಯಿಂದ ಬಿಡುಗಡೆ. ಹೆಂಡತಿ ತಾನಾಗಿ ಬಿಡುವ ಹಾಗಿರಲಿಲ್ಲ. ಆದರೆ ಓಡಿ ಬಂದು ತೋಕೇಜಿ ಸೇರಿಕೊಂಡವಳನ್ನು ಯಾರೂ ಎಳೆದೊಯ್ಯುವಂತಿರಲಿಲ್ಲ. ಬೆನ್ನಟ್ಟಿ ಬಂದವರು ಹಿಡಿಯುವುದರೊಳಗೆ ಕಾಲಿನ ಚಪ್ಪಲಿಯನ್ನೋ ಮುಡಿಯ ಕಡ್ಡಿಯನ್ನೋ ಬಾಗಿಲೊಳಗೆ ಎಸೆದರೂ ಅವಳು ಒಳಗೆ ಬಂದಂತೆಯೇ ಲೆಕ್ಕ ಅನ್ನುತ್ತಾರೆ. ಮಠದವರು ಮೊದಲು ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಿದ್ದರು, ಬಹಳಷ್ಟು ಪ್ರಕರಣ ಅಲ್ಲಿಗೇ ಇತ್ಯರ್ಥ. ಗಂಡ ಜಗ್ಗದಿದ್ದರೆ ಅವಳು 24 ತಿಂಗಳು ಮಠದಲ್ಲಿದ್ದು ಸೇವೆ ಮಾಡಿದ ಮೇಲೆ ಚೀಟಿ ಬರೆಯಲೇಬೇಕಾಗುತ್ತಿತ್ತು. 1615ರಲ್ಲಿ ಒಸಾಕಾ ಕೋಟೆ ಬಿದ್ದು ಮನೆತನವೇ ನಾಶವಾದಾಗ ಬದುಕುಳಿದ, ಹಿಂದೆ ಜಪಾನನ್ನು ಆಳಿದ್ದ ತೊಯೊತೊಮಿ ವಂಶದ ಪುಟ್ಟ ಹುಡುಗಿಯೊಬ್ಬಳನ್ನು ಇಲ್ಲಿಗೆ ಕಳಿಸಿದ್ದರು. ಅವಳೇ ಮುಂದೆ ತೆನ್ಶೂ ಎಂಬ ಮಠಾಧಿಪತಿಯಾಗಿ, ಐಜು ಪ್ರಾಂತ್ಯದ ದೊರೆ ತನ್ನ ಮೇಲೆ ತಿರುಗಿಬಿದ್ದ ಸೇವಕನ ಹೆಂಡತಿಯನ್ನು ಒಪ್ಪಿಸಿ ಅಂದಾಗ ಬಿಟ್ಟುಕೊಡಲಿಲ್ಲ. ಹೆಂಗಸರೂ ವಿಚ್ಛೇದನಕ್ಕೆ ನ್ಯಾಯಾಲಯಕ್ಕೆ ಹೋಗಬಹುದು ಅಂತ, ಎದೋ ಕಾಲ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಆದೇಶ ಮಾಡಿದ್ದು 1873ರಲ್ಲಿ. ಅದಕ್ಕೂ ಮೊದಲಿನ ಕಾಲದಲ್ಲಿ ಈ ಬಾಗಿಲು ಎಷ್ಟೋ ಜನರ ಪಾಲಿಗೆ ಕಟ್ಟಕಡೆಯ ಆಸರೆ.

ಅಮ್ಮ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಎಷ್ಟು ದೂರದಿಂದ ಬರುತ್ತಿದ್ದರಂತೆ?” ಅಂದರು.

“ಎದೋದಿಂದ, ಅಂದರೆ ಈಗಿನ ಟೋಕಿಯೋದಿಂದ. 50 ಕಿಲೋಮೀಟರ್ ಆಗಬಹುದು. ನಡೆದೇ ಬರಬೇಕಿತ್ತು.”

“ನಮ್ಮತ್ತೆ ಅಷ್ಟು ನಡೆಯುತ್ತಿದ್ದಳು.”

ಅಮ್ಮನ ಸೋದರತ್ತೆಯ ಕತೆ ನನಗೆ ಅರೆಬರೆ ಗೊತ್ತಿತ್ತು. ಮಳೆಗಾಲದ ಒಂದು ರಾತ್ರಿ ಗಂಡನ ಮನೆಯಿಂದ ಒಬ್ಬಳೇ ಹೊಳೆ ದಾಟಿ ತವರಿಗೆ ಬಂದಿದ್ದಳಂತೆ. ಬೆಳಗಾಗುತ್ತಲೇ ಅಜ್ಜ ಗಾಡಿ ಕಟ್ಟಿಸಿ, ಒಂದು ಸೀರೆ ಕೊಟ್ಟು, ವಾಪಸ್ಸು ಬಿಟ್ಟು ಬಂದ. ಗಾಡಿ ಹತ್ತುವಾಗ ಅವಳು ಅಳಲಿಲ್ಲ ಅನ್ನುವುದನ್ನು ಅಮ್ಮ ಅವತ್ತು ಮೊದಲ ಸಲ ಹೇಳಿದರು. ಆಗ ಅಮ್ಮನಿಗೆ ಆರೇಳು ವರ್ಷವಂತೆ, ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದ್ದರಂತೆ. ಅಜ್ಜನನ್ನು ಬೈಯಲೂ ಇಲ್ಲ, ಸಮರ್ಥಿಸಲೂ ಇಲ್ಲ. ಹೊರಡುವಾಗ ಆ ಹುಲ್ಲಿನ ಬಾಗಿಲ ಕಂಬವನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕಮಾಕುರಾ ಸ್ಟೇಷನ್ನಿನ ಹತ್ತಿರ ಬುತ್ತಿ ಬಿಚ್ಚಿದೆವು, ಚಪಾತಿ, ಬಟಾಟೆ ಪಲ್ಯ. ಪಕ್ಕದ ಅಂಗಡಿಯಲ್ಲಿ ಉಮೆಬೋಶಿ, ಅಂದರೆ ಉಮೆ ಕಾಯಿಯ ಉಪ್ಪಿನಕಾಯಿ, ಕೊಂಡೆ. ಮೀನಿನ ಪುಡಿ ಬೆರೆಸಿದ್ದೂ ಸಿಗುವುದರಿಂದ ಪ್ಯಾಕೆಟ್ಟಿನ ಹಿಂದೆ ಓದಿ ನೋಡಬೇಕು. ಕಾಯಿ, ಉಪ್ಪು, ಕೆಂಪು ಶಿಸೊ ಎಲೆ ಇಷ್ಟೇ ಇದ್ದರೆ ನಮಗೆ ನಡೆಯುತ್ತದೆ. ಜೂನ್ ಹೊತ್ತಿಗೆ ಬಲಿಯುವ ಕಾಯಿಯನ್ನು ಉಪ್ಪಿನಲ್ಲಿ ಹಾಕಿಟ್ಟು, ಮಳೆ ಬಿಟ್ಟ ಮೇಲೆ ಬಿಸಿಲಲ್ಲಿ ಒಣಗಿಸುತ್ತಾರೆ. ಒಂದನ್ನು ಬಾಯಿಗೆ ಹಾಕಿದ ಅಮ್ಮನ ಮುಖ ಹುಳಿಗೆ ಮುದುಡಿತು, ಮರುಕ್ಷಣ ಅರಳಿತು. ಭರಣಿಯ ತಳದ ಹಳೇ ಅಪ್ಪೆಮಿಡಿಯ ಹಾಗೇ ಇದೆ ಅಂದರು. ಊರಿಗೆ ಒಯ್ಯಲು ಇನ್ನೆರಡು ಪ್ಯಾಕೆಟ್ ಆಯಿತು.

ಬಸ್ಸು ಹಿಡಿದು ಊರಿನ ಪೂರ್ವದ ಕಣಿವೆಗೆ ಹೋದರೆ, ಇಳಿದು ಕಾಲು ಗಂಟೆ ನಡೆದ ಮೇಲೆ ಜುಯಿಸೆಂಜಿ. ಬೆಟ್ಟದ ಮಡಿಲಲ್ಲಿ ಚಳಿ ಹೆಚ್ಚಾದ್ದರಿಂದ ಅಲ್ಲಿ ಉಮೆ ತಡ. ತೋಕೇಜಿಯಲ್ಲಿ ಅರಳಿ ನಿಂತಿದ್ದರೆ ಇಲ್ಲಿನ್ನೂ ಅರ್ಧಕ್ಕರ್ಧ ಮೊಗ್ಗು. ನನಗೆ ಮೊಗ್ಗಿನ ಹದವೇ ಹೆಚ್ಚು ಇಷ್ಟ. 1327ರಲ್ಲಿ ಮುಸೋ ಸೋಸೆಕಿ ಎಂಬ ಝೆನ್ ಗುರು ಸ್ಥಾಪಿಸಿದ ಮಠ. ಹಿಂದುಗಡೆ ಬಂಡೆಯನ್ನೇ ಕಡಿದು ಮಾಡಿದ ಗುಹೆ, ಕೊಳ. ಹೂವಿಲ್ಲ, ಗಿಡವಿಲ್ಲ, ಬರೀ ಕಲ್ಲು ಮತ್ತು ನೀರು. ಮುಂಭಾಗದಲ್ಲಿ ಉಮೆ, ಕೆಳಗೆ ನಾರ್ಸಿಸಸ್, ಬದಿಯಲ್ಲಿ ಮಿತ್ಸುಮಾತಾ ಗಿಡಗಳು. ಜಪಾನಿನ ನೋಟು ಮಾಡಲು ಇದರ ನಾರನ್ನು ಬಳಸುತ್ತಾರೆ ಅಂದದ್ದೇ ತಡ, ಅಮ್ಮ ಪರ್ಸಿನಿಂದ ಸಾವಿರ ಯೆನ್ ತೆಗೆದು ಗಿಡದ ಪಕ್ಕ ಹಿಡಿದು ನೋಡಿದರು.

ಅಷ್ಟರಲ್ಲಿ ಮೆಜಿರೊ ಹಕ್ಕಿಗಳ ಗುಂಪು ಬಂತು. ಎಲೆಹಸಿರು ಮೈ, ಕಣ್ಣ ಸುತ್ತ ಬಿಳಿ ಬಳೆ. ತಲೆಕೆಳಗಾಗಿ ಜೋತು ಹೂವಿನಿಂದ ಹೂವಿಗೆ ಮಕರಂದ ಹೀರುತ್ತವೆ. ಉಮೆಯ ಬಹಳಷ್ಟು ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಜೇನಿಗೆ ಚಳಿ ಹೆಚ್ಚಾದ ದಿನಗಳಲ್ಲಿ ಈ ಕೆಲಸಕ್ಕೆ ಹಕ್ಕಿಯೂ ಬೇಕು. ಇದರ ಹತ್ತಿರದ ಬಂಧು ನಮ್ಮ ಮಲೆನಾಡಿನಲ್ಲೂ ಇದೆ, ಅಮ್ಮ ಕಂಡೊಡನೆ ಗುರುತು ಹಿಡಿದರು. “ನಮ್ಮ ದಾಸವಾಳದ ಗಿಡಕ್ಕೆ ಬರುತ್ತದಲ್ಲ, ಅದೇ!” ಅಂತ ಎಷ್ಟು ಜೋರಾಗಿ ಹೇಳಿದರೆಂದರೆ ಪಕ್ಕದಲ್ಲಿದ್ದ ಹೆಂಗಸೂ ಹಕ್ಕಿ ತೋರಿಸಿ “ಮೆಜಿರೊ, ಮೆಜಿರೊ” ಅಂದರು. ಭಾಷೆ ಬಾರದ ಇಬ್ಬರೂ ಆಮೇಲೆ ಒಟ್ಟಿಗೇ ನಿಂತು ನೋಡಿದರು.

ವಾಪಸ್ಸು ಬರುವ ದಾರಿಯಲ್ಲೇ ಎಗಾರಾ ತೆಂಜಿನ್. ಇದು ಬೌದ್ಧ ಮಠವಲ್ಲ, ಶಿಂತೋ ದೇಗುಲ. ದೇವರು ಸುಗವಾರಾ ನೊ ಮಿಚಿಜಾನೆ, ನಿಜವಾಗಿ ಬದುಕಿದ್ದ ಮನುಷ್ಯ. 845ರಲ್ಲಿ ಹುಟ್ಟಿದ ದೊಡ್ಡ ವಿದ್ವಾಂಸ. ಮಂತ್ರಿಯಾದ ಮೇಲೆ ಆಗದವರ ಚಾಡಿಮಾತಿಗೆ ಸಿಕ್ಕಿ 901ರಲ್ಲಿ ಆಗಿನ ರಾಜಧಾನಿ ಕ್ಯೋಟೋ ಬಿಟ್ಟು ದೂರದ ಕ್ಯೂಶೂ ದ್ವೀಪದ ದಾಜೈಫುವಿಗೆ ಹೋಗಬೇಕಾಯಿತು. ಹೊರಡುವಾಗ ಮನೆಯಂಗಳದ ಉಮೆ ಮರಕ್ಕೆ, ಮೂಡಣ ಗಾಳಿ ಬೀಸಿದಾಗ ನಿನ್ನ ಕಂಪು ಕಳಿಸು, ಯಜಮಾನನಿಲ್ಲವೆಂದು ವಸಂತವನ್ನು ಮರೆಯಬೇಡ ಎಂದು ಪದ್ಯ ಹೇಳಿದ. ಆ ಮರ ಒಂದೇ ರಾತ್ರಿಯಲ್ಲಿ ಹಾರಿ ಅವನಿದ್ದಲ್ಲಿಗೆ ಬಂತೆಂದು ಕತೆ. 903ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ರಾಜಧಾನಿಗೆ ಸಿಡಿಲು ಬಡಿದಾಗ ಅವನ ಸಿಟ್ಟೇ ಅಂತ ಹೆದರಿ ಗುಡಿ ಕಟ್ಟಿದರು. ಈಗ ಅವನು ಪರೀಕ್ಷೆಯ ದೇವರು. ಅವನ ಗುಡಿಗಳಲ್ಲೆಲ್ಲ ಉಮೆ ಇದ್ದೇ ಇರುತ್ತದೆ. ಎಗಾರಾದ ಕೆಂಪು ಉಮೆ ಕಮಾಕುರಾದಲ್ಲೇ ಮೊದಲು ಅರಳುವ ಮರವಂತೆ, ನಾವು ಹೋಗುವಷ್ಟರಲ್ಲಿ ಅದರ ಎಸಳೆಲ್ಲ ಉದುರುತ್ತಿದ್ದವು.

ಫೆಬ್ರವರಿ ಇಲ್ಲಿ ಪ್ರವೇಶ ಪರೀಕ್ಷೆಗಳ ತಿಂಗಳು. ಹರಕೆ ಬರೆದು ಕಟ್ಟುವ ಎಮಾ ಹಲಗೆಗಳು ಒಂದರ ಮೇಲೊಂದು ಜೋತಾಡುತ್ತಿದ್ದವು. ಏನೆಂದು ಕೇಳಿ ತಿಳಿದುಕೊಂಡ ಅಮ್ಮನಿಗೆ ಅಣ್ಣನ ಮಗನ ನೆನಪಾಯಿತು. ಮಾಣಿಗೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ.

“ಒಂದು ಹಲಗೆ ತಗೊ. ಕನ್ನಡದಲ್ಲೇ ಬರಿ. ಮರಕ್ಕೆ ಪದ್ಯ ಹೇಳಿದವನಿಗೆ ಕನ್ನಡ ತಿಳಿಯುವುದಿಲ್ಲವಾ?”

ಮಾಣಿಯ ಹೆಸರು, ಸಾಗರ, ಶಿವಮೊಗ್ಗ ಜಿಲ್ಲೆ ಎಂದು ಬರೆದೆ. ಎಲ್ಲದರಲ್ಲೂ ಪಾಸಾಗಲಿ ಅಂತ ಸೇರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, ಗಣಿತವನ್ನು ಬೇರೆಯಾಗಿ, ದೊಡ್ಡ ಅಕ್ಷರದಲ್ಲಿ ಬರೆಸಿದರು.