ಆಂಡ್ರಾಯ್ಡ್ ಮೇಲೆ ಬ್ಯಾಶ್: ಕೊನೆಗೂ ನಾನು ಹೇಳಿದ ಜಾಗದಿಂದ ಪ್ರೊಫೈಲ್ ಓದ್ತು

ಓದ್ತು ಕಣ್ರೀ, ಓದ್ತು! ಬ್ಯಾಶ್ ಅಂದ್ರೆ ಲಿನಕ್ಸಲ್ಲಿ ಕಮಾಂಡ್ ಟೈಪ್ ಮಾಡಿ ಓಡಿಸೋ ಶೆಲ್, ಅದನ್ನ ನನ್ನ ಆಂಡ್ರಾಯ್ಡ್ ಫೋನಿಗೆ ಬಿಲ್ಡ್ ಮಾಡಿದ್ದೆ, ಶುರುವಾಗುವಾಗ ಅದು ಓದಬೇಕಾದ ಸೆಟ್ಟಿಂಗ್ಸ್ ಫೈಲೇ ಈ ಪ್ರೊಫೈಲ್. ಎನ್‌ಡಿಕೆ (ಆಂಡ್ರಾಯ್ಡ್‌ಗೆ ಸಿ ಕೋಡ್ ಕಂಪೈಲ್ ಮಾಡೋ ಕಿಟ್) ಸೆಟಪ್, ಕ್ರಾಸ್ ಕಂಪೈಲ್‌ಗೆ ಬೇಕಾದ ಕ್ಯಾಶ್ ವೇರಿಯಬಲ್‌ಗಳು, ಬ್ಯಾಶ್‌ದೇ ಮ್ಯಾಲಕ್ (ಮೆಮೊರಿ ಹಂಚೋ ಕೋಡ್) ಆಫ್ ಮಾಡೋದು ಇವೆಲ್ಲ ನಿಮಗೆ ಗೊತ್ತಿರೋದೇ, ಬಿಡ್ತೀನಿ. ಬೈನರಿ ಫೋನಲ್ಲಿ ಓಡ್ತಿತ್ತು, ಪ್ರಾಂಪ್ಟೂ ಬರ್ತಿತ್ತು. ಆದ್ರೆ ಸಿಸ್ಟಂ ಕಾನ್ಫಿಗ್ ಫೈಲ್‌ಗಳನ್ನ ಮಾತ್ರ ಮುಟ್ತಾನೇ ಇರ್ಲಿಲ್ಲ, ಎರರ್ ಕೂಡ ಇಲ್ಲ.

ಬ್ಯಾಶ್ ಆ ಫೈಲ್‌ಗಳನ್ನ ಹುಡುಕೋದು /ಇಟಿಸಿ ಡೈರೆಕ್ಟರಿಯಲ್ಲಿ. ಆಂಡ್ರಾಯ್ಡಲ್ಲಿ /ಇಟಿಸಿ ಅನ್ನೋದು /ಸಿಸ್ಟಂ/ಇಟಿಸಿಗೆ ಹೋಗೋ ಸಿಮ್‌ಲಿಂಕ್, ಆ ಪಾರ್ಟಿಶನ್ ರೀಡ್ ಓನ್ಲಿ, ಮೇಲಿಂದ ಅದು ಬದಲಾಗಿದ್ಯಾ ಅಂತ ಪರೀಕ್ಷಿಸೋ ಡಿಎಂ-ವೆರಿಟಿ ಕಾವಲು ಬೇರೆ. ರೂಟ್ ಮಾಡದ ಫೋನಲ್ಲಿ ಅಲ್ಲಿ ಒಂದು ಫೈಲ್ ಇಡೋಕೆ ಆಗಲ್ಲ. ಆಂಡ್ರಾಯ್ಡ್ 4.0 ಇಂದ ಜೊತೆಗೇ ಬರೋ ಎಂಕೆಎಸ್ಎಚ್ ಶೆಲ್‌ಗೆ ಈ ತಾಪತ್ರಯ ಇಲ್ಲ, ಅದರ ಆರ್‌ಸಿ ಫೈಲಿನ (ಶುರುವಾಗುವಾಗ ಓದೋ ಫೈಲ್) ಪಾಥ್ ಬಿಲ್ಡ್ ಮಾಡುವಾಗಲೇ /ಸಿಸ್ಟಂ/ಇಟಿಸಿ ಒಳಗಡೆಗೆ ಅಂತ ಕೂರಿಸಿದಾರೆ. ನನಗೂ ಅದೇ ಬೇಕಿತ್ತು, ಆದ್ರೆ ನನ್ನ ಪ್ರಿಫಿಕ್ಸ್, ಅಂದ್ರೆ ಇನ್‌ಸ್ಟಾಲ್ ಮಾಡೋ ಡೈರೆಕ್ಟರಿ, /ಡೇಟಾ/ಲೋಕಲ್/ಟಿಎಂಪಿ ಒಳಗೆ. ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕಳಿಸೋ ಟೂಲ್) ಶೆಲ್ ಯೂಸರ್‌ಗೆ ಅಲ್ಲಿ ಬರೆಯೋಕೂ ಆಗುತ್ತೆ, ಬೈನರಿ ಓಡಿಸೋಕೂ ಆಗುತ್ತೆ. ಆಪ್ ಒಳಗಿಂದ ಮಾಡೋಣ ಅಂದ್ರೆ ಆಂಡ್ರಾಯ್ಡ್ 10 ಬಂದಮೇಲೆ ಎಪಿಐ 29 ಅಥವಾ ಅದಕ್ಕಿಂತ ಮೇಲಿನದನ್ನ ಟಾರ್ಗೆಟ್ ಮಾಡೋ ಆಪ್‌ಗಳು ತಮ್ಮದೇ ಹೋಮ್ ಡೈರೆಕ್ಟರಿಯಿಂದ ಬೈನರಿ ಎಕ್ಸಿಕ್ಯೂಟ್ ಮಾಡೋ ಹಾಗಿಲ್ಲ, ಆ ದಾರಿ ಮುಚ್ಚಿದೆ.

ಸರಿ, ಬಿಲ್ಡಿಗೆ ಮುಂಚೆ ಓಡಿಸೋ ಕಾನ್ಫಿಗರ್‌ ಸ್ಕ್ರಿಪ್ಟಿಗೆ ಸಿಸ್‌ಕಾನ್ಫ್‌ಡಿರ್ (ಕಾನ್ಫಿಗ್ ಫೈಲ್ ಎಲ್ಲಿರಬೇಕು ಅನ್ನೋ ಆಪ್ಷನ್) ಕೊಟ್ರೆ ಆಯ್ತಲ್ಲ ಅನ್ಸುತ್ತೆ ಅಲ್ವಾ? ಬ್ಯಾಶ್ ಅದನ್ನ ತಗೊಳ್ಳುತ್ತೆ, ತಕರಾರಿಲ್ಲದೆ ತಗೊಳ್ಳುತ್ತೆ, ಆಮೇಲೆ ಸ್ಟಾರ್ಟಪ್ ಫೈಲ್‌ಗಳ ವಿಷಯದಲ್ಲಿ ಎಲ್ಲೂ ಬಳಸಲ್ಲ. ಪಾಥ್‌ಗಳು ಮೂರು ಬೇರೆ ಬೇರೆ ಕಡೆ ಹಂಚಿಹೋಗಿವೆ. ಲಾಗಿನ್ ಶೆಲ್ ಓದೋ ಪ್ರೊಫೈಲ್ ಪಾಥ್‌ನೇಮ್ಸ್ ಅನ್ನೋ ಹೆಡರಲ್ಲಿ (ಕಂಪೈಲ್ ಆಗುವಾಗ ಕೋಡಿಗೆ ಸೇರೋ ಫೈಲ್), ಇಂಟರಾಕ್ಟಿವ್ ಶೆಲ್‌ನ ಸಿಸ್ಟಂ ಬ್ಯಾಶ್‌ಆರ್‌ಸಿ ಕಾನ್ಫಿಗ್-ಟಾಪ್ ಹೆಡರಲ್ಲಿ, ಅದೂ ಕಾಮೆಂಟ್ ಒಳಗೆ, ಅಂದ್ರೆ ಮೂಲ ಬ್ಯಾಶ್‌ಗೆ ಸಿಸ್ಟಂ ಬ್ಯಾಶ್‌ಆರ್‌ಸಿ ಅನ್ನೋದೇ ಇಲ್ಲ, ಡೆಬಿಯನ್ ಲಿನಕ್ಸಲ್ಲಿ ನಾವು ನೋಡೋ /ಇಟಿಸಿ/ಬ್ಯಾಶ್.ಬ್ಯಾಶ್‌ಆರ್‌ಸಿ ಅವರು ಆನ್ ಮಾಡಿಕೊಂಡಿರೋದು. ಮೂರನೇದು ಕೀಬೋರ್ಡ್ ಸೆಟ್ಟಿಂಗ್ಸ್ ಇರೋ ಇನ್‌ಪುಟ್‌ಆರ್‌ಸಿ, ಅದು ಟೈಪ್ ಮಾಡೋ ಸಾಲನ್ನ ನೋಡಿಕೊಳ್ಳೋ ರೀಡ್‌ಲೈನ್ ಲೈಬ್ರರಿ ಒಳಗೆ.

ಬ್ಯಾಶ್‌ಆರ್‌ಸಿ ಸುಲಭ. ಆರ್ಚ್ ಲಿನಕ್ಸ್‌ನವರು ಮಾಡೋ ಹಾಗೆ ಸಿಫ್ಲ್ಯಾಗ್ಸಲ್ಲಿ (ಕಂಪೈಲರ್‌ಗೆ ಕೊಡೋ ಆಪ್ಷನ್‌ಗಳು) ಪಾಥ್ ಡಿಫೈನ್ ಮಾಡಿದ್ರೆ ಸಾಕು, ಕೊಟೇಶನ್ ಒಳಗೆ ಕೊಟೇಶನ್ ಹಾಕಿ ಎಸ್ಕೇಪ್ ಮಾಡಬೇಕು ಅಷ್ಟೇ, ಇಲ್ಲಾಂದ್ರೆ ಬಿಲ್ಡ್ ನಡೆಸೋ ಮೇಕ್ ಟೂಲ್ ನಡುವೆ ಕರೆಯೋ ಶೆಲ್ ಒಂದು ಸುತ್ತು ಕೊಟೇಶನ್ ನುಂಗಿಬಿಡುತ್ತೆ. ಅದೇ ಮಂತ್ರ ಪ್ರೊಫೈಲ್‌ಗೂ ಹಾಕಿದ್ರೆ ನಡೆಯಲ್ಲ! ಯಾಕಂದ್ರೆ ಪಾಥ್‌ನೇಮ್ಸ್ ಹೆಡರಲ್ಲಿ ಆ ಡಿಫೈನ್ ಸುತ್ತ "ಆಗಲೇ ಇದ್ರೆ ಬಿಡು" ಅನ್ನೋ ಗಾರ್ಡ್ ಇಲ್ಲ, ಕಮಾಂಡ್ ಲೈನ್‌ನಿಂದ ಬಂದಿದ್ದನ್ನ ಹೆಡರ್ ಮತ್ತೆ ಡಿಫೈನ್ ಮಾಡುತ್ತೆ, ಕ್ಲ್ಯಾಂಗ್ ಕಂಪೈಲರ್ ಒಂದು ವಾರ್ನಿಂಗ್ ಉದುರಿಸಿ ಮುಂದೆ ಹೋಗುತ್ತೆ, ಆ ವಾರ್ನಿಂಗ್ ಬ್ಯಾಶ್ ಬಿಲ್ಡಿನ ಉಳಿದ ವಾರ್ನಿಂಗ್‌ಗಳ ಸಂತೆಯಲ್ಲಿ ಕಾಣೋದೇ ಇಲ್ಲ, ಕೊನೆಗೆ ಗೆಲ್ಲೋದು ಹಳೇ /ಇಟಿಸಿ/ಪ್ರೊಫೈಲೇ. ಓಡಿಸಿದಾಗ ಆ ಫೈಲ್ ಇಲ್ಲ, ಇಲ್ಲದ ಸ್ಟಾರ್ಟಪ್ ಫೈಲಿಗೆ ಬ್ಯಾಶ್ ಚಕಾರ ಎತ್ತಲ್ಲ. ಗುಟ್ಟು ಬಯಲು ಮಾಡಿದ್ದು ಎನ್‌ಡಿಕೆ ಜೊತೆ ಬರೋ, ಬೈನರಿ ಒಳಗಿನ ಪಠ್ಯ ತೋರಿಸೋ ಸ್ಟ್ರಿಂಗ್ಸ್ ಟೂಲ್, ಬೈನರಿ ಮೇಲೆ ಓಡಿಸಿ ಪ್ರೊಫೈಲ್ ಅಂತ ಹುಡುಕಿದ್ರೆ ಹಳೇ ಪಾಥ್ ಕಣ್ಣಿಗೆ ರಾಚೋ ಹಾಗೆ ಕೂತಿತ್ತು.

ಈ ನಡುವೆ ಕೇಬಲ್ ಕಥೆ. "ಫಾಸ್ಟ್ ಚಾರ್ಜ್, ಡೇಟಾ ಸಿಂಕ್" ಅಂತ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ಕೇಬಲ್ಲಲ್ಲಿ ಡೇಟಾ ವೈರೇ ಇಲ್ಲ. ಅಂಗಡಿಯವರನ್ನ ಕೇಳಿದ್ರೆ ಚಾರ್ಜ್ ಆಗುತ್ತಲ್ಲ ಸಾರ್ ಅಂತಾರೆ. ಎಡಿಬಿಗೆ ಡಿವೈಸ್ ಕಾಣ್ತಿಲ್ಲ ಅಂತ ಯೂಡೆವ್ ರೂಲ್ಸ್ (ಲಿನಕ್ಸ್ ಸಾಧನಗಳನ್ನ ಗುರುತಿಸೋ ನಿಯಮಗಳು) ಎಲ್ಲ ಜಾಲಾಡಿದಮೇಲೆ ಗೊತ್ತಾಗಿದ್ದು. ಇಂಥದನ್ನ ಮಾರೋದು ಮೋಸ, ಬೇರೆ ಮಾತಿಲ್ಲ.

ಪರಿಹಾರಕ್ಕೆ ಬರೋಣ. ಪಾಥ್‌ನೇಮ್ಸ್ ಹೆಡರ್ ಜನರೇಟ್ ಆಗೋ ಫೈಲ್, ಅದನ್ನ ನೇರ ತಿದ್ದಿ ಪ್ರಯೋಜನ ಇಲ್ಲ, ಮೇಕ್ ಅದನ್ನ ಡಾಟ್-ಇನ್ ಟೆಂಪ್ಲೇಟ್‌ನಿಂದ ಸೆಡ್ (ಪಠ್ಯದಲ್ಲಿ ಹುಡುಕಿ ಬದಲಿಸೋ ಟೂಲ್) ಹಾಕಿ ಮತ್ತೆ ಬರೆಯುತ್ತೆ, ಡಿಬಗರ್ ಸ್ಟಾರ್ಟ್ ಫೈಲಿನ ಪಾಥ್ ತುಂಬೋಕೆ. ಈ ಸೆಡ್ಡೇ ನನಗೆ ಸಿಕ್ಕ ಬಾಗಿಲು. ಟೆಂಪ್ಲೇಟಲ್ಲಿ /ಇಟಿಸಿ ಇದ್ದ ಕಡೆ ಒಂದು ಪ್ಲೇಸ್‌ಹೋಲ್ಡರ್ ಇಟ್ಟು, ಸೆಡ್‌ಗೆ ಇನ್ನೊಂದು ರೂಲ್ ಸೇರಿಸಿ, ಸಿಸ್‌ಕಾನ್ಫ್‌ಡಿರ್ ಬೆಲೆಯನ್ನ ಮೇಕ್‌ಫೈಲ್‌ನಿಂದ ಅಲ್ಲಿಗೆ ಹರಿಸಿದೆ. ಕಾನ್ಫಿಗರ್ ಸ್ಕ್ರಿಪ್ಟಲ್ಲೇ ಡಿಫೈನ್ ಮಾಡಬಹುದಲ್ಲ ಅಂತ ಕೇಳ್ತೀರಿ, ಬೇಡ, ಸಿಸ್‌ಕಾನ್ಫ್‌ಡಿರ್‌ನ ಡೀಫಾಲ್ಟ್ ಬೆಲೆಯಲ್ಲಿ ಪ್ರಿಫಿಕ್ಸ್ ಅನ್ನೋದು ಇನ್ನೂ ಬಿಡಿಸದ ವೇರಿಯಬಲ್ ಆಗೇ ಇರುತ್ತೆ, ಡಾಲರ್ ಚಿಹ್ನೆ ಸಮೇತ ಅದು ಬೈನರಿ ಒಳಗೆ ಹೋಗಿ ಕೂರುತ್ತೆ. ಮೇಕ್‌ಫೈಲಲ್ಲಿ ಮಾಡಿದ್ರೆ ಮೇಕ್ ಅದನ್ನ ಬಿಡಿಸಿ ಕೊಡುತ್ತೆ. ಕೊಟೇಶನ್ ಗಲಾಟೆಯೂ ಇಲ್ಲ, ಅದು ಟೆಂಪ್ಲೇಟಲ್ಲೇ ಇದೆ. ಬ್ಯಾಶ್‌ಆರ್‌ಸಿಯನ್ನೂ ಅಲ್ಲಿಗೇ ಎಳೆದುಕೊಂಡೆ, ಈಗ ಎರಡಕ್ಕೂ ಒಂದೇ ಮೂಲ.

ಸ್ಟಾರ್ಟಪ್ ಕೋಡ್ ಓದುವಾಗ ಒಂದು ಚಂದದ ವಸ್ತು ಸಿಕ್ತು. ಸಿಸ್ಟಂ ಫೈಲ್‌ಗಳನ್ನ ಓಡಿಸೋ ಜಾಗದಲ್ಲೇ ಓಪನ್‌ಎನ್‌ಟಿಗೆ ಅಂತ ಒಂದು ಇಫ್‌ಡೆಫ್ (ಆ ಸಿಸ್ಟಂಗೆ ಮಾತ್ರ ಕಂಪೈಲ್ ಆಗೋ ತುಂಡು) ಇದೆ, ವಿಂಡೋಸ್ ಎನ್‌ಟಿ ಮೇಲೆ ಯೂನಿಕ್ಸ್ ಓಡಿಸ್ತಿದ್ದ, ಆಮೇಲೆ ಇಂಟರಿಕ್ಸ್ ಅಂತಾದ ಅದೇ. ಅಲ್ಲಿ ಪಾಥ್‌ನ ಹಾಗೇ ಬಳಸದೆ, ಇನ್‌ಸ್ಟಾಲ್ ಆಗಿರೋ ಪ್ರಿಫಿಕ್ಸನ್ನ ಓಡುವಾಗಲೇ ಮುಂದೆ ಅಂಟಿಸೋ ಫಂಕ್ಷನ್ ಕರೀತಾರೆ. ನನ್ನದೇ ತಲೆನೋವು ಬೇರೆ ಯಾರಿಗೋ ಎಷ್ಟೋ ವರ್ಷ ಮುಂಚೆ ಬಂದಿತ್ತು, ಅವರು ನನಗಿಂತ ಚೆನ್ನಾಗಿ ಬಿಡಿಸಿದಾರೆ, ನೋಡಿ ಖುಷಿಯಾಯ್ತು. ಪ್ರಿಫಿಕ್ಸ್ ಬದಲಾದ್ರೂ ಮರುಬಿಲ್ಡ್ ಬೇಕಿಲ್ಲ.

ಇಷ್ಟೆಲ್ಲ ಪ್ಯಾಚ್ ಬೇಡ ಅಂತ ಮುಂದಿನ ಪ್ರಾಜೆಕ್ಟ್ ಝಡ್‌ಶೆಲ್, ಬ್ಯಾಶ್ ಥರದ್ದೇ ಇನ್ನೊಂದು ಶೆಲ್. ಅದರಲ್ಲಿ ಇಟಿಸಿ ಡೈರೆಕ್ಟರಿಗೆ ಕಾನ್ಫಿಗರಲ್ಲೇ ಆಪ್ಷನ್ ಇದೆ, ಬೇಕಾದ್ರೆ ಅದರ ಸ್ಟಾರ್ಟಪ್ ಫೈಲ್‌ಗಳಾದ ಝಡ್‌ಎಸ್‌ಎಚ್‌ಎನ್ವ್, ಝಡ್‌ಪ್ರೊಫೈಲ್ ಒಂದೊಂದಕ್ಕೂ ಬೇರೆ ಪಾಥ್ ಕೊಡಬಹುದು, ಪೂರ್ತಿ ಆಫ್ ಕೂಡ ಮಾಡಬಹುದು. ಹೀಗಿರಬೇಕು ನೋಡಿ. ಒಂದೇ ಎಚ್ಚರ, ಸಿಸ್ಟಂ ಝಡ್‌ಎಸ್‌ಎಚ್‌ಎನ್ವ್ ಪ್ರತಿಯೊಂದು ಸ್ಕ್ರಿಪ್ಟಿಗೂ ಓಡುತ್ತೆ, ಆರ್‌ಸಿ ಬೇಡ ಅಂತ ಫ್ಲ್ಯಾಗ್ ಕೊಟ್ರೂ ಬಿಡಲ್ಲ, ಅದಕ್ಕೆ ಅದರಲ್ಲಿ ಕಸ ತುಂಬಬಾರದು.

ಇನ್‌ಪುಟ್‌ಆರ್‌ಸಿ ಮಾತ್ರ ಸೆಡ್ ವ್ಯಾಪ್ತಿಗೆ ಬರಲಿಲ್ಲ, ರೀಡ್‌ಲೈನ್‌ನ ಆ ಹೆಡರ್ ಟೆಂಪ್ಲೇಟ್ ಅಲ್ಲ. ಅಲ್ಲಿ ಗಾರ್ಡ್ ಹಾಕಿ ಹೊರಗಿಂದ ಡಿಫೈನ್ ಕೊಟ್ಟೆ, ನೋಡೋಕೆ ಚೆಂದ ಇಲ್ಲ, ಕೆಲಸ ಮಾಡುತ್ತೆ. ಇನ್ನು ನನ್ನ ಫೋನಿನ ಆಂಡ್ರಾಯ್ಡಲ್ಲಿ /ಟಿಎಂಪಿ ಇಲ್ಲ, ಬ್ಯಾಶ್ 5.1 ಇಂದ ಚಿಕ್ಕ ಹಿಯರ್-ಡಾಕ್ (ಸ್ಕ್ರಿಪ್ಟ್ ಒಳಗೇ ಬರೆದು ಕಮಾಂಡಿಗೆ ಕೊಡೋ ಪಠ್ಯ) ಪೈಪಲ್ಲೇ ಮುಗಿಯೋದ್ರಿಂದ ಬಚಾವ್, ದೊಡ್ಡದು ಬಂದ್ರೆ ಟೆಂಪ್ ಡೈರೆಕ್ಟರಿ ಬೇಕೇ ಬೇಕು. ಅದನ್ನ ಪ್ರೊಫೈಲಲ್ಲಿ ಎಕ್ಸ್‌ಪೋರ್ಟ್ ಮಾಡಿದೀನಿ, ಆದ್ರೆ ಎಡಿಬಿಯಿಂದ ನೇರ ಓಡಿಸೋ ಸ್ಕ್ರಿಪ್ಟ್ ಪ್ರೊಫೈಲ್ ಓದಲ್ಲ, ಅಲ್ಲಿಗೆ ಬ್ಯಾಶ್-ಎನ್ವ್ (ಸ್ಕ್ರಿಪ್ಟಿಗೆ ಮುಂಚೆ ಯಾವ ಫೈಲ್ ಓದಬೇಕು ಅಂತ ಹೇಳೋ ವೇರಿಯಬಲ್) ಹಾಕೋದಾ ಅಥವಾ ಡೀಫಾಲ್ಟನ್ನೂ ಸೋರ್ಸಲ್ಲೇ ಬದಲಾಯಿಸೋದಾ ಇನ್ನೂ ತೀರ್ಮಾನಿಸಿಲ್ಲ. ಪ್ಯಾಚ್ ಬ್ಯಾಶ್ 5.2ಕ್ಕೆ ಮಾಡಿದ್ದು, ಬೇಕಾದವರು ಕೇಳಿ.